ಏಪ್ರನ್ನಿನ ಮೇಲಿನ ಕಲೆ

ವಸುಧಾ ಫೋನಿನಲ್ಲಿ ಕರೆದದ್ದು ಗೃಹಪ್ರವೇಶಕ್ಕೆ ಕರೆದ ಹಾಗಿತ್ತು. "ನೀವು ಬರಲೇಬೇಕು ಕನೀಜ್. ಅತ್ತೆಯವರನ್ನೂ ಕರ್ಕೊಂಡು ಬನ್ನಿ. ಇಡೀ ಎಕ್ಸಿಬಿಷನ್ನಲ್ಲಿ ಸೊಹೈಲ್ ಅವರ ಫೋಟೋನೇ ಹೈಲೈಟು. ಸೋಮವಾರ ಎಲ್ಲಾ ಪ್ಯಾಕ್ ಆಗಿ ಈಸ್ಟ್ ಕೋಸ್ಟಿನ ಒಂದು ಮ್ಯೂಸಿಯಮ್ಮಿಗೆ ಹೊರಟುಹೋಗುತ್ತೆ. ಆಮೇಲೆ ನೋಡಕ್ಕೆ ಸಿಗಲ್ಲ."

ಕನೀಜ್ 'ಹೂಂ' ಎಂದಳು. ಗಂಡ ಸೊಹೈಲ್ ತೀರಿಹೋದ ಮೇಲೆ ಬಹಳ ಮಾತುಗಳಿಗೆ ಅವಳ ಉತ್ತರ ಅಷ್ಟೇ ಆಗಿತ್ತು.

ವಸುಧೆಯ ಗಂಡ ಮಧ್ವೇಶ ಮೈಸೂರಿನವನು. ಕ್ಯುಪರ್ಟಿನೋದಲ್ಲಿ ಇಪ್ಪತ್ತು ವರ್ಷ ಎಂಜಿನಿಯರಾಗಿದ್ದು, ಶೇರು ಮಾರಿ, ನೌಕರಿಗೆ ನಮಸ್ಕಾರ ಹೇಳಿ, ಗ್ಯಾರೇಜನ್ನು ಕತ್ತಲೆಕೋಣೆ ಮಾಡಿಕೊಂಡಿದ್ದ. ನೂರೈವತ್ತು ವರ್ಷದ ಹಿಂದೆ ಫೋಟೋ ತೆಗೆಯುತ್ತಿದ್ದ ಹಾಗೆ ಗಾಜಿನ ಮೇಲೆ ಫೋಟೋ ತೆಗೆಯುವುದು ಅವನ ಹುಚ್ಚು. ಅದರಲ್ಲೂ ದುಡಿಯುವ ಜನ, ಕೈಯಲ್ಲಿ ಅವರವರ ಹತಾರು. ಓಕ್ಲ್ಯಾಂಡಿನಲ್ಲಿ ಹಲಾಲ್ ಮಾಂಸದ ಅಂಗಡಿ ಇಟ್ಟಿದ್ದ ಸೊಹೈಲ್ ಅವನ ಕಣ್ಣಿಗೆ ಬಿದ್ದದ್ದು ಹಾಗೆ. ಕಳೆದ ಬೇಸಿಗೆಯ ಒಂದು ಭಾನುವಾರ ಸೊಹೈಲ್ ಆ ಗ್ಯಾರೇಜಿಗೆ ಹೋಗಿ ಫೋಟೋಗೆ ನಿಂತು ಬಂದಿದ್ದ. "ತಲಿ ಅಲ್ಲಾಡಬಾರದಂತ ಕುತ್ತಿಗಿ ಹಿಂದ ಕಬ್ಬಿಣದ ಕವಿಕೋಲು ಹಚ್ಚಿದ್ರು, ಕೋಳಿ ಹಿಡದಂಗ" ಎಂದು ನಕ್ಕಿದ್ದ. ಮತ್ತೇನೂ ಹೇಳಿರಲಿಲ್ಲ. ಚಳಿಗಾಲದಲ್ಲಿ ಫ್ರೀವೇ ಮೇಲೆ ಟ್ರಕ್ಕೊಂದು ಅವನ ಕಾರಿನ ಮೇಲೆ ಬಂತು. ಮಯ್ಯತ್ತಿನ ದಿನ, ಮಣ್ಣಿಗೆ ಒಯ್ಯುವ ಮುಂಚೆ, ಮುಖ ನೋಡುವುದು ಬೇಡವೆಂದು ಹಿರಿಯರು ಕನೀಜಳನ್ನು ತಡೆದರು.

ಅವಳ ಫೋನಿನಲ್ಲಿ ಸೊಹೈಲನ ಫೋಟೋಗಳಿಗೆ ಬರವಿರಲಿಲ್ಲ. ಆದರೆ ಒಂದೊಂದನ್ನೂ ನೋಡಿ ನೋಡಿ, ಅಗಿದು ಅಗಿದು ಸಪ್ಪಗಾದ ಕಬ್ಬಿನ ಸಿಪ್ಪೆಯಾಗಿದ್ದವು. ಮಧ್ವೇಶನ ಬಳಿ ಇದ್ದದ್ದು ಅವಳಿನ್ನೂ ನೋಡದ ಸೊಹೈಲ್. ಅದೊಂದೇ ಕಾರಣಕ್ಕೆ ಅವಳು ಶನಿವಾರ ಅತ್ತೆ ದಾವಲ್‌ಬಿಯನ್ನು ಹೊರಡಿಸಿಕೊಂಡು, ಪ್ರದರ್ಶನವಿದ್ದ ವಾಲ್ನಟ್ ಕ್ರೀಕಿನ ರೈಲು ಹತ್ತಿದಳು.

ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ದೊಡ್ಡ ಹಾಲ್. ಒಳಗೆ ಕಾಲಿಡುತ್ತಲೇ ಕರಿದೆಣ್ಣೆಯ ವಾಸನೆ, ಅದರ ಮೇಲೆ ಸೆಂಟು, ಎಲ್ಲದರ ಅಡಿಯಲ್ಲಿ ಆಸ್ಪತ್ರೆಯಂಥ ಈಥರಿನ ವಾಸನೆ. ಒಳಗೆ ಯಾರೂ ಫೋಟೋ ತೆಗೆಯದಂತೆ ಬಾಗಿಲಲ್ಲೇ ಒಬ್ಬ ಫೋನುಗಳನ್ನು ಚೀಲದೊಳಗೆ ಹಾಕಿಸುತ್ತಿದ್ದ. ಮಧ್ವೇಶನ ಫೋಟೋಗಳಿಗೆ ನಕಲು ಇಲ್ಲ, ಸ್ಕ್ಯಾನು ಇಲ್ಲ, ಒಂದು ಗಾಜು ಎಂದರೆ ಒಂದೇ ಚಿತ್ರ. ಅದೇ ಅದರ ಹೆಚ್ಚುಗಾರಿಕೆ ಎಂದು ಗೋಡೆಯ ಮೇಲೂ ಬರೆಸಿ ಹಾಕಿದ್ದರು.

ಎಡಗಡೆಯ ಗಾಜಿನ ಪೆಟ್ಟಿಗೆಗಳಲ್ಲಿ ಹಳೆಯವು ಇದ್ದವು, ಹತ್ತೊಂಬತ್ತನೇ ಶತಮಾನದವು. ಅಂಗೈಯಗಲದ ಚಿತ್ರಗಳು, ಪುಟ್ಟ ಪುಸ್ತಕದ ಹಾಗೆ ಮುಚ್ಚುವ ಮಖಮಲ್ಲಿನ ಡಬ್ಬಿಗಳಲ್ಲಿ. ಸುತ್ತಿಗೆಯನ್ನು ಎದೆಗೆ ಒತ್ತಿಕೊಂಡ ಕಮ್ಮಾರ. ಬಾಚಣಿಗೆ, ಕತ್ತರಿ ಹಿಡಿದ ಕ್ಷೌರದವನು. ತೊಡೆಯ ಮೇಲೆ ಬೂಟಿಟ್ಟುಕೊಂಡ ಮೋಚಿ. ಇಸ್ತ್ರಿಪೆಟ್ಟಿಗೆಯನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದ ಒಬ್ಬಳು ದಪ್ಪ ಹೆಂಗಸು.

ದಾವಲ್‌ಬಿ ಕನ್ನಡಕ ಏರಿಸಿಕೊಂಡು ಒಂದೊಂದಕ್ಕೂ ಬಗ್ಗಿದಳು. "ನೋಡವಾ ಕನೀಜಾ, ಎಷ್ಟ್ ನೇಟಾಗಿ ನಿಂತಾರ. ಕಂಬಾರನ ಅಂಗಿ ನೋಡು, ಮದುವಿಗೆ ಹೊಂಟಂಗ."

ಹೌದು. ಕಮ್ಮಾರನ ಕಾಲರು ಗಂಜಿ ಹಾಕಿ ನಿಲ್ಲಿಸಿದ ಹಾಗಿತ್ತು. ಮೋಚಿಯ ಚರ್ಮದ ಏಪ್ರನ್ನು ಒರೆಸಿ ಮಿರುಗುತ್ತಿತ್ತು. ತಲೆಗೂದಲು ನೀರು ಹಚ್ಚಿ ಬಾಚಿದ್ದು. ಫೋಟೋದವನ ಬಳಿಗೆ ಹೋಗುವ ಮುಂಚೆ ಇವರೆಲ್ಲ ಬಾವಿಕಟ್ಟೆಗೋ ನಲ್ಲಿಗೋ ಹೋಗಿ ಮುಖ ತೊಳೆದಿದ್ದಾರೆ ಎಂದು ಕನೀಜಳಿಗೆ ಅನ್ನಿಸಿತು. ಕಸುಬಿನ ಗುರುತಿಗೆ ಹತಾರು ಸಾಕು, ಕೊಳೆ ಯಾಕೆ ಎಂದುಕೊಂಡ ಮುಖಗಳು. ಬಹಳ ದಿನದ ಮೇಲೆ ಅವಳಿಗೆ ಏನೋ ಹಿಡಿಸಿದಂತಾಯಿತು.

ಬಲಗಡೆ ಮಧ್ವೇಶನವು. ಇವು ದೊಡ್ಡವು, ತಟ್ಟೆಯಗಲ. ಕಾರ್ ರಿಪೇರಿಯವನು, ಪೈಪು ಜೋಡಿಸುವವನು, ಚಾವಣಿ ಹೊದಿಸುವವನು, ಉಗುರಿಗೆ ಬಣ್ಣ ಹಚ್ಚುವ ಅಂಗಡಿಯ ವಿಯೆಟ್ನಾಮಿ ಹುಡುಗಿ. ಕನೀಜ್ ಒಂದರಿಂದ ಇನ್ನೊಂದಕ್ಕೆ ಹೋಗಿ ಮತ್ತೆ ಹಿಂದಕ್ಕೆ ಬಂದು ನೋಡಿದಳು. ಎಲ್ಲರ ಕೆನ್ನೆಯ ಮೇಲೂ ಒಂದು ಕಪ್ಪು ಬಳಿತ, ಮೂರು ಬೆರಳಿನದು, ಮೇಲಿಂದ ಕೆಳಗೆ. ಕಾರಿನವನಿಗೂ ಅದೇ, ಪೈಪಿನವನಿಗೂ ಅದೇ, ಆ ಹುಡುಗಿಗೂ ಅದೇ. ಒಂದೇ ಕೈ ಎಲ್ಲರ ಕೆನ್ನೆಯನ್ನೂ ಮುಟ್ಟಿ ಬಂದಿತ್ತು.

ಕೊನೆಯಲ್ಲಿ, ಒಂದು ದೀಪದ ಕೆಳಗೆ, ಸೊಹೈಲ್.

ಮುಖವನ್ನು ನೋಡಲು ಬಂದವಳಿಗೆ ಮೊದಲು ಕಂಡದ್ದು ಏಪ್ರನ್ನು. ಎದೆಯಿಂದ ಮೊಣಕಾಲಿನವರೆಗೆ ಡಾಂಬರು ಚೆಲ್ಲಿದ ಹಾಗೆ ಕಪ್ಪು. ತೋಳಿನ ಮೇಲೆ ಕಪ್ಪು, ಗಡ್ಡದ ಅಂಚಿನಲ್ಲಿ ಕಪ್ಪು, ಚೂರಿಯಿಂದ ತೊಟ್ಟಿಕ್ಕುವಂತೆ ಕಪ್ಪು. ಕೆಳಗೆ ಇಂಗ್ಲಿಷಿನ ಎರಡು ಸಾಲು: ಕಟುಕ, ಓಕ್ಲ್ಯಾಂಡ್. ಏಳು ತಲೆಮಾರಿನ ಕಸುಬು.

ದಿನಕ್ಕೆ ಎರಡು ಏಪ್ರನ್ನು ಬದಲಿಸುತ್ತಿದ್ದ ಮನುಷ್ಯ. ಜುಮ್ಮಾ ನಮಾಜಿಗೆ ಹೊರಡುವ ಮುಂಚೆ ಉಗುರಿನ ಸಂದಿಯನ್ನು ಹಳೆಯ ಟೂತ್‌ಬ್ರಷ್ಷಿನಿಂದ ತಿಕ್ಕುತ್ತಿದ್ದವನು. ರಕ್ತದ ಒಂದು ಹನಿ ಬಟ್ಟೆಯ ಮೇಲಿದ್ದರೂ ಅದು ನಾಪಾಕ, ಅದರಲ್ಲಿ ದೇವರ ಮುಂದೆ ನಿಲ್ಲುವ ಹಾಗಿಲ್ಲ ಎನ್ನುತ್ತಿದ್ದ. ಮನೆಗೆ ಬಂದರೆ ಗಂಧದ ಸೋಪಿನ ವಾಸನೆ ಬಿಟ್ಟು ಬೇರೆ ವಾಸನೆ ಬರುತ್ತಿರಲಿಲ್ಲ.

ಪಕ್ಕದಲ್ಲಿ ಯಾರೋ ಒಬ್ಬ, ಕೈಯಲ್ಲಿ ಕಟ್ಲೆಟ್ಟಿನ ತಟ್ಟೆ ಹಿಡಿದವನು, ಹೆಂಡತಿಗೆ ಹೇಳುತ್ತಿದ್ದ: "ವಾವ್! ನೋಡೇ, ವಾಸನೆನೂ ಬಂದ ಹಾಗಾಗುತ್ತೆ ಅಲ್ವಾ?" ಆಕೆ ಮೂಗು ಮುಚ್ಚಿಕೊಂಡು ನಕ್ಕಳು. ಅವನು ಕಟ್ಲೆಟ್ಟನ್ನು ಟೊಮೆಟೊ ಸಾಸಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡ. ತುಟಿಯ ಮೂಲೆಯಲ್ಲಿ ಸಾಸು ಹಾಗೇ ಉಳಿಯಿತು. ಕನೀಜ್ ಬೇರೆ ಕಡೆ ನೋಡಿದಳು.

"ಎಡಗೈಯಾಗ ಹಿಡದಾನಲ್ಲ ಚೂರಿ?" ದಾವಲ್‌ಬಿಯ ದನಿ ಏರಿತು. "ನನ್ನ ಮಗ ಎಡಗೈಲೆ ಒಂದು ಗುಟಕು ನೀರ್ ಸೈತ ಕುಡದಾಂವ ಅಲ್ಲ."

ಮಧ್ವೇಶ ಅಲ್ಲೇ ಇದ್ದ. ಖಾದಿ ಜುಬ್ಬ, ಬೆರಳತುದಿಗಳೆಲ್ಲ ಔಷಧಿಯಿಂದ ಕಪ್ಪಗೆ. ಕೈಮುಗಿದು ಬಂದ. "ಅಮ್ಮಾ, ನಮಸ್ಕಾರ. ಅದು ಹಾಗಲ್ಲ, ಇದು ಕನ್ನಡಿ ಥರ. ಎಡ ಬಲ ಆಗುತ್ತೆ, ಬಲ ಎಡ ಆಗುತ್ತೆ. ಹಳೇದ್ರಲ್ಲೂ ಹಾಗೇ."

"ಮತ್ತ ರಗತಾನೂ ಕನ್ನಡಿದೇನ್ರಿ?"

ಮಧ್ವೇಶ ನಕ್ಕ. ಅಷ್ಟರಲ್ಲಿ ವಸುಧಾ ಸೆರಗು ಸರಿಮಾಡಿಕೊಳ್ಳುತ್ತ ಬಂದು ಕನೀಜಳ ಕೈ ಹಿಡಿದಳು. "ಅಯ್ಯೋ, ಅದು ನಿಜವಾದ ರಕ್ತ ಅಲ್ಲಮ್ಮ! ಸೊಹೈಲ್ ಅವರು ಎಷ್ಟು ಕ್ಲೀನಾಗಿ ಬಂದಿದ್ರು ಗೊತ್ತಾ, ಇಸ್ತ್ರಿ ಮಾಡಿದ ಏಪ್ರನ್ನು. ಇವರು ಸ್ವಲ್ಪ ರಕ್ತ ಬೇಕು, ಅಂಗಡಿಯಿಂದ ತರಿಸ್ಲಾ ಅಂದ್ರು. ನಮ್ಮನೇಲಿ ಅದೆಲ್ಲ ಆಗುತ್ತೇನ್ರಿ? ಅದಕ್ಕೆ ನಾನೇ ಕೆಂಪಾರತಿ ನೀರು ಕಲಸಿ ಕೊಟ್ಟೆ. ಅರಿಶಿನ, ಸುಣ್ಣ ಅಷ್ಟೇ. ಶುದ್ಧವಾದ್ದು. ಈ ಥರ ಫೋಟೋದಲ್ಲಿ ಕೆಂಪೆಲ್ಲ ಕಪ್ಪಾಗಿ ಬರುತ್ತಂತೆ."

ಶುದ್ಧವಾದ್ದು. ಹಸೆಯ ಮೇಲೆ ಕೂತವರಿಗೆ ದೃಷ್ಟಿ ತೆಗೆಯುವ ನೀರು. ಅದನ್ನು ಬಟ್ಟಲಲ್ಲಿ ಕಲಸಿ, ಒಬ್ಬನನ್ನು ಕವೆಗೆ ಸಿಕ್ಕಿಸಿ ನಿಲ್ಲಿಸಿ, ಎದೆಗೆ ಎರಚಿದ್ದಾರೆ. ಅವನು ಎರಚಿಸಿಕೊಂಡಿದ್ದಾನೆ. ಕನೀಜಳ ಬಾಯಲ್ಲಿ ನೀರೂರಿತು, ವಾಂತಿಗೆ ಮುಂಚೆ ಊರುವ ಹಾಗೆ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಏಳು ತಲೆಮಾರು ಅಂತ ಬರ್ದೀರಲ್ಲ ಸರ್," ಎಂದಳು. "ಅದನ್ನ ಯಾರು ಹೇಳಿದ್ರು?"

"ಅವರೇ! ನಾನು ಕೇಳ್ದೆ, ನಿಮ್ಮದು ಮೊದಲಿಂದ ಇದೇನಾ ಅಂತ. ಹೌದು ಸರ್, ಮೊದಲಿಂದ ಇದೇ ಅಂದ್ರು. ಏಳು ಅನ್ನೋದು ಒಂದು ಲೆಕ್ಕಕ್ಕೆ ಇಟ್ಕೊಂಡೆ."

"ಮೊದಲಿಂದ ಅಂದ್ರ ಈ ದೇಶಕ್ಕ ಬಂದ ಮೊದಲಿಂದ. ಹುಬ್ಬಳ್ಳಿಯೊಳಗ ಅವರು ಬ್ಯಾಂಕಿನ್ಯಾಗಿದ್ರು."

ದಾವಲ್‌ಬಿಗೆ ಇಂಗ್ಲಿಷಿನ ಸಾಲು ತಿಳಿದಿರಲಿಲ್ಲ, ಈಗ ತಿಳಿಯಿತು. "ಏನಂತ ಬರದಾರ? ಏಳು ತಲಿ ಕಟುಕರು? ಯಪ್ಪಾ, ನಾವು ನದಾಫರು. ಗಜೇಂದ್ರಗಡದಾಗ ಹತ್ತಿ ಹಿಂಜಾವರು. ನಮ್ಮ ಮಾವ ಮನಿಗೆ ಬಂದರ ಹುಬ್ಬಿನ ಮ್ಯಾಲೂ ಬೆಳ್ಳನ್ನ ಹತ್ತಿ ಇರತಿತ್ತು. ಕಟುಕರಾದ್ರೂ ತಪ್ಪೇನಿಲ್ಲ, ಹೊಟ್ಟಿಪಾಡು. ಆದರ ಇಲ್ಲದ್ದನ್ನ ಬರೀಬಾರದು. ಅಮೇರಿಕಾಕ್ಕ ಬಂದು ಇಪ್ಪತ್ತು ವರ್ಸಾದ್ರೂ ಮಂದಿ ಕುಲ ಹುಡುಕೂದು ಬಿಟ್ಟಿಲ್ಲ ಬಿಡು."

ಮಧ್ವೇಶನ ಕಿವಿ ಕೆಂಪಾಯಿತು. ಆದರೂ ಒಳ್ಳೆಯ ಮಾತಿನವನು. "ಸಾರಿ ಅಮ್ಮ, ನನ್ನದೇ ತಪ್ಪು. ಲೇಬಲ್ ಈಗಲೇ ತೆಗೆಸ್ತೀನಿ. ಬರೀ 'ಸೊಹೈಲ್' ಅಂತ ಹಾಕೋಣ. ಅಷ್ಟೇ ತಾನೆ?"

"ಅಷ್ಟೇ ಅಲ್ಲ," ಎಂದಳು ಕನೀಜ್. "ಫೋಟೋನ ಕಳಸಬ್ಯಾಡ್ರಿ."

"ಹಾಗಂದ್ರೆ?"

"ಆ ಕಡೆ ನಿಮ್ಮ ಹಳೇವು ನೋಡಿ ಬಂದೆ. ಎಲ್ಲಾರೂ ತೊಳಕೊಂಡು ಬಂದಾರ. ಇವರೂ ತೊಳಕೊಂಡೇ ಬಂದಿದ್ರಲ್ಲ. ನೀವು ಹೊಲಸು ಮಾಡಿ ನಿಲ್ಲಿಸೀರಿ. ಹಿಂಗ ಕಳಸಬ್ಯಾಡ್ರಿ."

ಮಧ್ವೇಶ ಮಗುವಿಗೆ ಪಾಠ ಹೇಳುವವನ ಹಾಗೆ ಹತ್ತಿರ ಬಂದ. "ಕನೀಜ್ ಅವರೇ, ನೀವು ಓದಿದವರು, ಹೇಳಿದ್ರೆ ಅರ್ಥ ಮಾಡ್ಕೋತೀರಿ. ಹಳೇವರ ಪ್ರಾಬ್ಲಮ್ಮೇ ಅದು. ಫೋಟೋ ಅಂದ ತಕ್ಷಣ ಶೃಂಗಾರ ಮಾಡ್ಕೊಂಡು ಬಂದುಬಿಡೋರು. ಸುಳ್ಳು ಪೋಸು. ಕೆಲಸದ ಸತ್ಯ ಅದರಲ್ಲಿ ಇಲ್ಲ. ಬೆವರು, ಕೊಳೆ, ರಕ್ತ, ಆ ಘನತೆ ಹಿಡೀಬೇಕು ಅಂತ ನನ್ನ ಪ್ರಯತ್ನ. ನೋಡಿ, ಇನ್ನೂರು ವರ್ಷ ಇರುತ್ತೆ ಇದು. ನಾವೆಲ್ಲ ಹೋದ ಮೇಲೂ ಸೊಹೈಲ್ ಇರ್ತಾರೆ."

ಇನ್ನೂರು ವರ್ಷ. ತಮ್ಮನ್ನು ಬಲ್ಲವರು ಯಾರೂ ಉಳಿಯದ ಕಾಲದಲ್ಲಿ, ಯಾವುದೋ ಊರಿನ ಗೋಡೆಯ ಮೇಲೆ, ಬೇರೆಯವರು ಎರಚಿದ ಕೊಳೆಯನ್ನು ಮೈಮೇಲೆ ಹೊತ್ತು ನಿಂತಿರುವ ಸೊಹೈಲ್. ಮುಂದೆ ಇನ್ಯಾರೋ ಕಟ್ಲೆಟ್ಟು ತಿನ್ನುತ್ತ ಮೂಗು ಮುಚ್ಚಿಕೊಳ್ಳುತ್ತಾರೆ.

"ಆ ಕಪ್ಪಾದರೂ ತೆಗೀರಿ," ಎಂದಳು. "ಏಪ್ರನ್ನಷ್ಟಾದರೂ ಬೆಳ್ಳಗ ಮಾಡ್ರಿ."

"ಅದು ಆಗಲ್ಲಮ್ಮ. ಬನ್ನಿ, ತೋರಿಸ್ತೀನಿ." ಅವನಿಗೆ ವಿವರಿಸುವುದೆಂದರೆ ಪ್ರಾಣ. ಬಿಳಿ ಕೈಗವಸು ತೊಟ್ಟು, ಚೌಕಟ್ಟು ಬಿಚ್ಚಿ, ಗಾಜನ್ನು ಅಂಚಿನಲ್ಲಿ ಹಿಡಿದು ದೀಪಕ್ಕೆ ಓರೆ ಮಾಡಿದ. ಮುಖದ ಮೇಲೆ, ಕೈಗಳ ಮೇಲೆ ನಸುಬೆಳ್ಳಗಿನ ಪೊರೆ ಮಿನುಗಿತು. ಕಪ್ಪು ಜಾಗಗಳು ಬರೀ ನುಣುಪು. "ಬೆಳ್ಳಗೆ ಕಾಣೋದು ಬೆಳ್ಳಿ. ಕಪ್ಪು ಇರೋ ಕಡೆ ಏನೂ ಇಲ್ಲ, ಬರೀ ಕರೀ ಗಾಜು. ಏನೂ ಇಲ್ಲದ್ದನ್ನ ತೆಗೆಯೋದು ಹೇಗೆ? ಒರೆಸಕ್ಕೆ ಹೋದ್ರೆ ಇನ್ನೂ ಕಪ್ಪಾಗುತ್ತೆ. ಅದರಲ್ಲೂ ಇದಕ್ಕೆ ವಾರ್ನಿಶ್ ಮಾಡಿಲ್ಲ, ಮಾಡಿದ್ರೆ ಹೊಳಪು ಮಂಕಾಗುತ್ತೆ ಅಂತ. ಬೆರಳು ತಾಗಂಗಿಲ್ಲ."

"ಇದೊಂದೇ ತೆಗೆದಿದ್ರೇನು?"

"ಇಲ್ಲ, ಮೊದಲು ಒಂದು ತೆಗೆದಿದ್ದೆ, ಕ್ಲೀನ್ ಏಪ್ರನ್ನಿಂದು. ಚೆನ್ನಾಗೇ ಬಂದಿತ್ತು, ಸಣ್ಣಗೆ ನಗ್ತಾ ಇದ್ರು. ಆದರೆ ಕಟುಕನ ಥರಾನೇ ಕಾಣ್ತಿರ್ಲಿಲ್ಲ. ಬ್ಯಾಂಕಿನ ಗುಮಾಸ್ತರ ಥರ ಕಾಣ್ತಿದ್ರು." ತನ್ನ ಮಾತಿಗೆ ತಾನೇ ನಕ್ಕು, ನಗಬಾರದಿತ್ತೆಂದು ಗೊತ್ತಾಗಿ, ನಿಲ್ಲಿಸಿದ. "ಅದನ್ನ ಒರೆಸಿ, ಅದೇ ಗಾಜಿನ ಮೇಲೇ ಇದನ್ನ ತೆಗೆದೆ. ಹಳೇ ಕಾಲದಲ್ಲೂ ಹಾಗೇ, ಬೇಡದ್ದನ್ನ ಒರೆಸಿ ಗಾಜು ಉಳಿಸ್ಕೊಳ್ಳೋರು."

ಸಣ್ಣಗೆ ನಗುತ್ತಿದ್ದನಂತೆ. ಇಸ್ತ್ರಿ ಮಾಡಿದ ಏಪ್ರನ್ನಿನಲ್ಲಿ, ಬಾಚಿದ ಗಡ್ಡದಲ್ಲಿ, ಸಣ್ಣಗೆ ನಗುತ್ತಿದ್ದ ಆ ಸೊಹೈಲನನ್ನು ನೋಡಿದವನು ಲೋಕದಲ್ಲಿ ಇವನೊಬ್ಬ. ನೋಡಿ, ಇದು ಬೇಡ ಎಂದಿದ್ದಾನೆ.

"ಹೆಂಗ ಒರೆಸಿದ್ರಿ?"

"ಅದೇನಿಲ್ಲ, ಬೆರಳಲ್ಲಿ ಹೀಗಂದ್ರೆ ಬಂದ್ಬಿಡುತ್ತೆ. ಹಾಲಿನ ಕೆನೆ ಥರ."

"ಕೊಡ್ರಿ, ಒಮ್ಮೆ ಹಿಡೀತೇನಿ."

ಮಧ್ವೇಶ ಹೆಂಡತಿಯ ಮುಖ ನೋಡಿದ. ವಸುಧಾ 'ಕೊಡಿ, ಪಾಪ' ಎಂಬಂತೆ ತಲೆಯಾಡಿಸಿದಳು. "ಅಂಚಿನಲ್ಲಿ ಹಿಡ್ಕೊಳ್ಳಿ, ಹಾಂ, ಹಾಗೆ."

ಗಾಜು ತಣ್ಣಗಿತ್ತು. ಈಗ ಅವಳು ಮುಖ ನೋಡಿದಳು. ಅಷ್ಟು ದೂರ ಬಂದದ್ದು ಅದಕ್ಕೇ ಆಗಿತ್ತಲ್ಲ, ಇನ್ನೂ ನೋಡದ ಒಂದು ಮುಖಕ್ಕೆ. ಆದರೆ ಇದು ನೋಡಿದ ಮುಖವೇ. ಒಮ್ಮೆ ಯಾರದೋ ಮನೆಯ ಊಟದಲ್ಲಿ ಸಾರಿನೊಳಗೆ ಉದ್ದನೆಯ ಕೂದಲು ಬಂದಿತ್ತು. ಬಡಿಸುವವರು ಎದುರಿಗೇ ನಿಂತಿದ್ದರು. ಸೊಹೈಲ್ ಕೂದಲನ್ನು ಎಲೆಯ ಅಡಿಗೆ ಸರಿಸಿ, ತುಟಿ ಬಿಗಿದು, ಉಗುಳು ನುಂಗಿ, ಸಾರು ಚೆನ್ನಾಗಿದೆ ಎಂದಿದ್ದ. ಆ ತುಟಿ, ಆ ಕಣ್ಣು. ಮಧ್ವೇಶನ ಗ್ಯಾರೇಜಿನಲ್ಲಿ ಅವನಿಗೆ ಹೇಸಿಗೆಯಾಗಿದೆ. ಕರೆದವರ ಮನಸ್ಸಿಗೆ ನೋವಾಗಬಾರದೆಂದು ನುಂಗಿಕೊಂಡು ನಿಂತಿದ್ದಾನೆ. ಇನ್ನು ಇನ್ನೂರು ವರ್ಷ ನುಂಗಿಕೊಂಡೇ ನಿಂತಿರಬೇಕು.

ಅವಳು ಹೆಬ್ಬೆರಳನ್ನು ಏಪ್ರನ್ನಿನ ಮೇಲೆ ಇಟ್ಟು ಎಳೆದಳು.

ಹೇಳಿದ್ದು ನಿಜ. ಕೆನೆಯ ಹಾಗೇ ಬಂತು, ಸುಕ್ಕಾಗಿ, ಸದ್ದಿಲ್ಲದೆ. ಇನ್ನೊಮ್ಮೆ ಎಳೆದಳು. ಚೂರಿ ಹೋಯಿತು, ಎಡವೆಂದು ಕಾಣುತ್ತಿದ್ದ ಬಲಗೈ ಹೋಯಿತು. ಮಧ್ವೇಶ "ಏಯ್! ಏಯ್! ಏನ್ ಮಾಡ್ತಿದೀರಾ!" ಎಂದು ಕೈ ಚಾಚಿದವನು, ಗಾಜು ಬಿದ್ದೀತೆಂಬ ಭಯಕ್ಕೆ ಮುಟ್ಟಲಾರದೆ ಗಾಳಿಯಲ್ಲೇ ಕೈ ಆಡಿಸಿದ. ಮುಖದ ಬಳಿ ಅವಳ ಬೆರಳು ನಿಂತಿತು. ನಿಂತದ್ದು ಒಂದು ಉಸಿರಿನಷ್ಟು. ಆಮೇಲೆ ಅಂಗೈಯನ್ನೇ ಇಟ್ಟು, ಮಗುವಿನ ಬಾಯಿ ಒರೆಸುವಂತೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒರೆಸಿದಳು.

ಬರೀ ಕರೀ ಗಾಜು ಉಳಿಯಿತು. ಅದನ್ನು ಅಂಚಿನಲ್ಲೇ ಹಿಡಿದು ಮಧ್ವೇಶನಿಗೆ ವಾಪಸು ಕೊಟ್ಟಳು.

"ನಿಮ್ಮ ಗಾಜು ಉಳದೈತ್ರಿ," ಎಂದಳು.

"ಇದೊಂದು ಕಲೆ ಕಣ್ರೀ! ಕಲಾಕೃತಿ ಇದು!" ಮಧ್ವೇಶನ ದನಿ ಒಡೆದಿತ್ತು. ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು. ಕನೀಜಳಿಗೆ ಅದಕ್ಕೂ ಅಸಹ್ಯವೇ ಆಯಿತು.

"ಕಲೀನ ತಗದಾಳಪ್ಪ ಆಕಿ," ಎಂದಳು ದಾವಲ್‌ಬಿ. ಕೋಲು ಊರಿಕೊಂಡು ಬಾಗಿಲ ಕಡೆ ತಿರುಗಿದಳು.

ವಸುಧಾ ಬಿಳಿಚಿಕೊಂಡು ನಿಂತಿದ್ದಳು. ಅತಿಥಿಗಳು ಹೊರಡುತ್ತಿದ್ದಾರೆ ಎಂಬುದಷ್ಟೇ ಅವಳ ತಲೆಗೆ ಹೊಳೆದಿರಬೇಕು. ಹುಟ್ಟಿದಾಗಿನಿಂದ ಬಂದ ರೂಢಿ, ಬಾಯಿಂದ ತಾನಾಗಿ ಜಾರಿತು: "ಊಟ ಮಾಡ್ಕೊಂಡ್ ಹೋಗ್ಬಹುದಿತ್ತು..."

"ಹೊಟ್ಟಿ ತುಂಬೇತವ್ವ," ಎಂದಳು ದಾವಲ್‌ಬಿ, ತಿರುಗಿ ನೋಡದೆ.

ಹೊರಗೆ ಒಳ್ಳೆಯ ಬಿಸಿಲಿತ್ತು. ಶಾಪಿಂಗಿಗೆ ಬಂದ ಜನ ಚೀಲಗಳನ್ನು ಹಿಡಿದು ಓಡಾಡುತ್ತಿದ್ದರು. ಕನೀಜಳ ಅಂಗೈಗೆ ಬೂದುಬಣ್ಣದ ಪೊರೆ ಅಂಟಿತ್ತು, ತೊಗಟೆಯ ಹಾಗೆ ಸುರುಳಿ ಸುರುಳಿ. ಯಾವುದು ಏಪ್ರನ್ನು, ಯಾವುದು ಕೆನ್ನೆ ಎಂದು ಹೇಳುವಂತಿರಲಿಲ್ಲ. ಈಥರು ನಾರುತ್ತಿತ್ತು. ಸ್ಟೇಷನ್ನಿನ ಮುಂದಿನ ನಲ್ಲಿಯ ಬಳಿ ನಿಂತು ಅವಳು ತೊಳೆಯತೊಡಗಿದಳು. ಸೋಪಿರಲಿಲ್ಲ. ಉಗುರಿನ ಸಂದಿಯಲ್ಲಿ ಸಿಕ್ಕಿಕೊಂಡದ್ದು ಬೇಗ ಬರಲಿಲ್ಲ.

"ಆಂವನ ಕಣ್ಣು, ಮಾರಿನೂ ಹೋತೇನ?" ದಾವಲ್‌ಬಿ ಬೆಂಚಿನ ಮೇಲಿಂದ ಕೇಳಿದಳು.

"ಹೋತ್ರಿ ಅತ್ತಿ."

"ಹೋಗ್ಲಿ ಬಿಡು. ಮಾರಿ ನನಗ ಗೊತ್ತೈತಿ." ಕೋಲು ಚಾಚಿ ಅವಳ ಉಗುರುಗಳನ್ನು ತೋರಿಸಿದಳು: "ಇನ್ನೂ ತಿಕ್ಕು. ಸಂದ್ಯಾಗ ಐತಿ."

ಕನೀಜ್ ಇನ್ನೂ ತಿಕ್ಕಿದಳು.